ಶಶಿಕಾಂತನ ಬಾಯ್ಲರ್ ದರ್ಶನ

ಶಶಿಕಾಂತ ತನ್ನ ಬಾಯ್ಲರಿನ ಮಾತು ತೆಗೆಯದಂತೆ ನೋಡಿಕೊಳ್ಳುವುದು, ಪರದೇಶದಲ್ಲಿ ನಾವು ಕನ್ನಡಿಗರು ಸೇರುವ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಒಂದು ಕಲೆಯಾಗಿಯೇ ಬೆಳೆದಿತ್ತು. ಅವನೆದುರು ಚಳಿ ಅನ್ನಬಾರದು, ಸೆಕೆ ಅನ್ನಬಾರದು. ಕಾಫಿಯಿಂದ ಹಬೆ ಏಳುತ್ತಿದ್ದರೆ ಲೋಟದ ಮೇಲೆ ಅಂಗೈ ಮುಚ್ಚಿಕೊಳ್ಳಬೇಕು. ಇಷ್ಟೆಲ್ಲ ಎಚ್ಚರ ವಹಿಸಿದರೂ ಅವನು ದೋಸೆ ಮುರಿಯುತ್ತ, "ನಿಮ್ ಮನೇಲಿ ಹೀಟಿಂಗ್ ಹೇಗೆ?" ಎಂದು ತಾನೇ ಕೇಳಿಬಿಡುತ್ತಿದ್ದ.

ನಮ್ಮ ಮನೆ ಗೈದರ್ಸ್‌ಬರ್ಗಿನಲ್ಲಿದೆ. ಅಲ್ಲಿ ನೆಲದ ತೂತುಗಳಿಂದ ಬಿಸಿಗಾಳಿ ಬರುತ್ತದೆ. ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಎಂದು ನಾನು ಯಾವತ್ತೂ ವಿಚಾರಿಸಿದವನಲ್ಲ. ಇದನ್ನು ಕೇಳಿ ಶಶಿಕಾಂತ ನನ್ನನ್ನು ಕನಿಕರದಿಂದ ನೋಡಿ, "ಗಾಳೀನಾ? ಪಾಪ" ಎಂದು ನನ್ನ ಹೆಂಡತಿಯ ಕಡೆಗೂ ತಿರುಗಿ ಅದೇ ಕನಿಕರ ತೋರಿಸಿದ. ಅವಳಿಗೆ ಆವತ್ತಿನಿಂದ ಚಳಿ ಶುರುವಾಗಿದೆ.

ಅವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಕೆಲಸಕ್ಕೆ ಸೇರಿದ ದಿನದಿಂದ ಇಂದಿನವರೆಗೆ ಅವನು ಮಾಡಿದ್ದು ಬೇರೆಯವರು ಬರೆದ ಸಾಫ್ಟ್‌ವೇರಿನ ಲಾಗಿನ್ ಪುಟ ತೆರೆಯುತ್ತದೋ ಇಲ್ಲವೋ ಎಂದು ನೋಡುವ ಕೆಲಸ. ಒಂದು ಸ್ಕ್ರೂ ಬಿಗಿಮಾಡಲೂ ಯಾರೂ ಅವನನ್ನು ಕರೆದಿರಲಿಲ್ಲ. ಕೋವಿಡ್ ಕಾಲದಲ್ಲಿ ಹಯಾಟ್ಸ್‌ವಿಲ್‌ನಲ್ಲಿ ಇಟ್ಟಿಗೆಯ ಹಳೇ ಮನೆಯೊಂದನ್ನು ಕೊಂಡಾಗ ನೆಲಮಾಳಿಗೆಯಲ್ಲಿ ಸ್ಟೀಮ್ ಬಾಯ್ಲರ್ ಸಿಕ್ಕಿತು. ಅದರ ಹೊಟ್ಟೆಯಲ್ಲಿ ನೀರು ಕುದಿಯುತ್ತದೆ, ಹಬೆ ಪೈಪು ಹತ್ತಿ ಮೇಲಿನ ಕೋಣೆಗಳ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸುತ್ತದೆ. ಒಂದು ಯಂತ್ರ ತನ್ನ ಮಾತು ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಶಶಿಕಾಂತನಿಗೆ ಅದರ ಮೇಲೆ ನಿಜವಾದ ಪ್ರೀತಿ ಹುಟ್ಟಿತು.

ಪ್ರೀತಿಯ ಕೇಂದ್ರ ಬಾಯ್ಲರ್ ಅಲ್ಲ, ಅದರ ಪಕ್ಕಕ್ಕೆ ಅಂಟಿಕೊಂಡ ಒಂದು ಕಬ್ಬಿಣದ ಡಬ್ಬಿ. ಹೆಸರು ಲೋ ವಾಟರ್ ಕಟಾಫ್. ಡಬ್ಬಿಯೊಳಗೆ ಒಂದು ತೇಲುಗುಂಡು ಇರುತ್ತದೆ. ನೀರು ತೀರಾ ಇಳಿದರೆ ಗುಂಡೂ ಇಳಿದು ಉರಿಯನ್ನು ಆರಿಸುತ್ತದೆ. ಗುಂಡಿನ ಕೆಳಗೆ ತುಕ್ಕಿನ ಕೆಸರು ಕಟ್ಟಿಕೊಂಡರೆ ಅದು ಇಳಿಯುವುದಿಲ್ಲ, ಉರಿ ಆರುವುದಿಲ್ಲ, ಬಾಯ್ಲರ್ ಒಣಗಿ ಕೆಂಪಗೆ ಕಾಯುತ್ತದೆ. ಅದಕ್ಕೇ ಪ್ರತಿ ಭಾನುವಾರ ಕೆಳಗಿನ ನಲ್ಲಿ ತಿರುಗಿಸಿ ಒಂದು ಬಕೆಟ್ ಕೆಂಪು ನೀರು ಹೊರಗೆ ಬಿಡಬೇಕು, ಉರಿ ಆರಿತೇ ಎಂದು ನೋಡಬೇಕು, ಆಮೇಲೆ ಪಕ್ಕದಲ್ಲಿರುವ ಗಾಜಿನ ಕೊಳವೆಯಲ್ಲಿ ನೀರು ಅರ್ಧಕ್ಕೆ ಬರುವಷ್ಟು ಹೊಸ ನೀರು ತುಂಬಬೇಕು. ಇಷ್ಟೇ ಕೆಲಸ. ಇಷ್ಟನ್ನು ಶಶಿಕಾಂತ ಮುಕ್ಕಾಲು ಗಂಟೆ ಹೇಳುತ್ತಿದ್ದ.

ಅವನ ಹೆಂಡತಿ ನೀಲಗಂಗಾ ಹಲ್ಲಿನ ಡಾಕ್ಟರು. ಹಳೆಯದನ್ನು ಕಿತ್ತು ಹೊಸದು ಕೂರಿಸುವುದರಲ್ಲಿ ಆಕೆಗೆ ಸ್ವಭಾವತಃ ನಂಬಿಕೆ. "ಇದನ್ನ ತೆಗೆಸಿ ಕರೆಂಟಿನ ಹೀಟ್ ಪಂಪ್ ಹಾಕಿಸೋಣ" ಎಂದು ಮೊದಲ ಚಳಿಗಾಲದಿಂದ ಹೇಳುತ್ತಿದ್ದಳು. ಕೊನೆಗೆ ಸಂಕ್ರಾಂತಿಯ ಸಮಾರಂಭ ತಮ್ಮ ಮನೆಯಲ್ಲೇ ಎಂದು ನಿಶ್ಚಯವಾದಾಗ ಆಕೆ ಕರಾರು ಹಾಕಿದಳು. "ಆವತ್ತು ನಿನ್ನ ಬಾಯ್ಲರಿಂದ ಒಂದೇ ಒಂದು ತಮಾಷೆ ಆಗಲಿ, ಸೋಮವಾರ ನಾನು ಹೀಟ್ ಪಂಪಿನವರಿಗೆ ಫೋನ್ ಮಾಡ್ತೀನಿ. ಆಮೇಲೆ ನನ್ನ ಹತ್ರ ಅಳಬಾರದು."

ಶಶಿಕಾಂತ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಮಾರಂಭದ ದಿನ ಗಂಡಸರನ್ನೆಲ್ಲ ನೆಲಮಾಳಿಗೆಗೆ ಕರೆದೊಯ್ದು ಬಾಯ್ಲರ್ ದರ್ಶನ ಮಾಡಿಸಿ, ಕಟಾಫ್ ಕುರಿತು ಭಾಷಣ ಮಾಡುವುದೆಂದೂ ತೀರ್ಮಾನಿಸಿದ. ಮುಖ್ಯ ಅತಿಥಿ ಡಾಕ್ಟರ್ ಬಸಲಿಂಗಪ್ಪನವರು, ನಮ್ಮ ದೇವಸ್ಥಾನದ ಸಮಿತಿಯ ಅಧ್ಯಕ್ಷರು, ದೊಡ್ಡ ಹೃದಯತಜ್ಞರು. ಅವರಿಂದ ಒಂದು ಸಲ "ಭೇಷ್" ಅನ್ನಿಸಿಕೊಂಡರೆ ನೀಲಗಂಗಾಳ ಬಾಯಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಆ ಬಾಯಿ ಅವನಿಗೆ ಅಷ್ಟು ಪರಿಚಯವಿರಲಿಲ್ಲ.

ಈ ನಡುವೆ ಗದಗಿನಿಂದ ಅವನ ಸೋದರತ್ತೆ ಶಿವಕ್ಕ ಬಂದರು.

ಶಿವಕ್ಕನವರು ಕೈ ಕಟ್ಟಿ ಕೂರುವ ಹೆಂಗಸಲ್ಲ. ಆದರೆ ಈ ಮನೆಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಪಾತ್ರೆ ತೊಳೆಯಲು ಹೋದರೆ ಮೆಷಿನ್ನು, ಬಟ್ಟೆಗೆ ಮೆಷಿನ್ನು. ಒಲೆ ಮುಟ್ಟಿದರೆ ಅದು ಕುಂಯ್ ಎಂದು ಕೂಗುತ್ತದೆ, ಶಶಿಕಾಂತನ ಮಗಳು ಆರತಿ ಓಡಿ ಬಂದು "ಅಜ್ಜಿ, ನೋ ನೋ, ನಾನು ಮಾಡ್ತೀನಿ" ಎನ್ನುತ್ತಾಳೆ. ಅವರು ದಿನವೂ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಉಳಿದ ವಿಭೂತಿಯನ್ನು ಫ್ರಿಜ್ಜು, ಕುಕ್ಕರು, ಡಿಶ್‌ವಾಷರು, ಕಾರಿನ ಮೂತಿ ಎಲ್ಲಕ್ಕೂ ಮೂರು ಮೂರು ಗೆರೆ ಎಳೆದು ಬರುತ್ತಿದ್ದರು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಬೇಸರದಿಂದ ಅವರ ಮುಖ ಸಣ್ಣಗಾಗಿತ್ತು.

ಒಂದು ಭಾನುವಾರ ಶಶಿಕಾಂತ ಅವರನ್ನೂ ಕೆಳಗೆ ಕರೆದೊಯ್ದು ದರ್ಶನ ಮಾಡಿಸಿದ. ಅವನು ಬಕೆಟ್ ತುಂಬ ಕುದಿಯುವ ನೀರು ಬಿಟ್ಟುಕೊಂಡು, ಗಾಜಿನಲ್ಲಿ ಅರ್ಧ ನೀರು ತೋರಿಸಿ "ಪರ್ಫೆಕ್ಟ್" ಎಂದಾಗ ಶಿವಕ್ಕನವರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅರ್ಧಾ ಹಂಡಿಗೆ ಉರಿ ಹಾಕಿ ಮ್ಯಾಲ ಹೋಗಿ ಮಕ್ಕೊಂತೀರಿ?"

"ಅತ್ತಿ, ಇದು ಹಂಡಿ ಅಲ್ಲ, ಬಾಯ್ಲರ್."

"ಕೆಳಗ ಉರಿ ಐತಿ, ಒಳಗ ನೀರ ಐತಿ. ಹಂಡಿ ಅಲ್ಲದ ಮತ್ತೇನ ಇದು?"

ಗದಗಿನ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆಯೊಂದಿತ್ತು. ಒಂದು ಬಕೆಟ್ ಬಿಸಿನೀರು ತೆಗೆದವರು ಒಂದು ಬಕೆಟ್ ತಣ್ಣೀರು ಸುರಿದೇ ಹೊರಗೆ ಬರಬೇಕು ಎಂಬುದು ಅಲ್ಲಿನ ಕಾನೂನು. ಮದುವೆಯಾಗಿ ಮೊದಲ ಸಲ ಬಂದ ಅಳಿಯನೊಬ್ಬ ಹಂಡೆ ಬರಿದು ಮಾಡಿ ಬಂದನೆಂದು ಶಿವಕ್ಕನವರು ಅವನನ್ನು ಎಲೆಯ ಮುಂದಿನಿಂದ ಎಬ್ಬಿಸಿ ನೀರು ಸೇದಲು ಕಳಿಸಿದ್ದರಂತೆ. ಅಂಥವರ ಕಣ್ಣೆದುರು ಸ್ವಂತ ಅಣ್ಣನ ಮಗ ಹಂಡೆಯನ್ನು ಅರ್ಧ ಮಾಡಿ, ಅದನ್ನು ಪರ್ಫೆಕ್ಟ್ ಅನ್ನುತ್ತಿದ್ದಾನೆ. ನೀರು ತುಂಬುವ ನಲ್ಲಿ ಯಾವುದೆಂದು ಅವರು ನೋಡಿಕೊಂಡರು. ಮಾರನೆಯ ದಿನದಿಂದ ಸ್ನಾನ ಮುಗಿದ ಮೇಲೆ ಸದ್ದಿಲ್ಲದೆ ಕೆಳಗಿಳಿದು, ಗಾಜಿನ ಕಂಠಪೂರ್ತಿ ನೀರು ತುಂಬಿ, ನೆಮ್ಮದಿಯಾಗಿ ಮೇಲೆ ಬರತೊಡಗಿದರು. ಈ ದೇಶಕ್ಕೆ ಬಂದ ಮೇಲೆ ಅವರಿಗೊಂದು ಕೆಲಸ ಸಿಕ್ಕಿತ್ತು. ಮುಖ ಮತ್ತೆ ತುಂಬಿಕೊಂಡಿತು. ನೀಲಗಂಗಾ ಇದನ್ನು ವಿಟಮಿನ್ ಮಾತ್ರೆಯ ಪ್ರಭಾವ ಅಂದುಕೊಂಡಳು.

ಹಾಗಾದರೆ ಶಶಿಕಾಂತ ಭಾನುವಾರಗಳಲ್ಲಿ ಇದನ್ನು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಲಿಲ್ಲ. ಅವನು ನೆಲಮಾಳಿಗೆಗೆ ತಪ್ಪದೆ ಹೋಗುತ್ತಿದ್ದ, ಆದರೆ ಭಾಷಣದ ಅಭ್ಯಾಸಕ್ಕೆ. ಸಭಿಕರು ಮೆಟ್ಟಿಲ ಕಡೆ ನಿಲ್ಲುತ್ತಾರೆಂದು ಮೆಟ್ಟಿಲಿಗೆ ಮುಖ ಮಾಡಿ, ಬಾಯ್ಲರಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಕೈ ಬೀಸಿ "ಇದೋ ಗಾಜು, ಇದೋ ಅರ್ಧ" ಎಂದು ಹೇಳಿಕೊಳ್ಳುತ್ತಿದ್ದ. ಹೇಳುವುದರಲ್ಲಿ ಎಷ್ಟು ಮುಳುಗಿದ್ದನೆಂದರೆ ಬಕೆಟ್ಟನ್ನೇ ಮರೆತಿದ್ದ.

ಸಂಕ್ರಾಂತಿಯ ಸಮಾರಂಭ ಶನಿವಾರ ಮಧ್ಯಾಹ್ನ. ಹೊರಗೆ ಮೊಣಕಾಲಿಗೆ ಬರುವಷ್ಟು ಹಿಮ. ಆದರೂ ದೂರದ ಸೆಂಟರ್‌ವಿಲ್‌ನಿಂದಲೂ ಜನ ಬಂದಿದ್ದರು. ನಮ್ಮ ಪದ್ಧತಿಯಂತೆ ಎಲ್ಲರೂ ಬಾಗಿಲಲ್ಲೇ ಬೂಟು ಬಿಚ್ಚಿ, ಒಳಗೆ ಸಾಕ್ಸಿನಲ್ಲಿ ಓಡಾಡುತ್ತಿದ್ದರು. ಬೂಟುಗಳ ಗುಡ್ಡೆ ಬಾಗಿಲಿನ ಹಿಡಿಕೆ ಮುಟ್ಟುತ್ತಿತ್ತು. ಆ ಗುಡ್ಡೆಯ ತಳದಲ್ಲಿ ನನ್ನ ಹೊಸ ಬೂಟುಗಳೂ ಇದ್ದವು. ಅವನ್ನು ಪ್ರತ್ಯೇಕವಾಗಿ ಇಡಬೇಕೆಂದು ಮನಸ್ಸು ಹೇಳಿತ್ತು, ನಾನು ಕೇಳಲಿಲ್ಲ. ಒಳಗೆ ಎಳ್ಳುಬೆಲ್ಲ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗೋಧಿ ಬೆಲ್ಲದ ಮಾದಲಿ. ಹಜಾರದ ರೇಡಿಯೇಟರ್ ಆಗಾಗ ಕೆಮ್ಮಿದಂತೆ ಸದ್ದು ಮಾಡುತ್ತಿತ್ತು. ನೀಲಗಂಗಾ ಪ್ರತಿ ಸಲವೂ ಗಂಡನ ಕಡೆ ನೋಡುತ್ತಿದ್ದಳು. ಶಶಿಕಾಂತ "ಹಳೇ ಮನೆ ಉಸಿರಾಡ್ತಿದೆ" ಎಂದು ನಗುತ್ತಿದ್ದ.

ಊಟ ಅರ್ಧವಾಗುವ ಹೊತ್ತಿಗೆ ಅವನು ಗಂಡಸರನ್ನು ಎಬ್ಬಿಸಿ ಕೆಳಗೆ ಹೊರಡಿಸಿದ. ಬಸಲಿಂಗಪ್ಪನವರು ಮಾದಲಿಯ ತಟ್ಟೆಯ ಸಮೇತ ಬಂದರು. ಮೆಟ್ಟಿಲ ಮೇಲೆ ನಾವೆಲ್ಲ ಸಾಲಾಗಿ ನಿಂತೆವು. ಶಶಿಕಾಂತ ಬಾಯ್ಲರಿಗೆ ಬೆನ್ನು ಕೊಟ್ಟು ನಿಂತು ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರೇ, ಜೀವ ಉಳಿಸೋದು ನೀವು ಮಾತ್ರ ಅಂದ್ಕೋಬೇಡಿ. ಈ ಮನೆಯ ಹಾರ್ಟ್ ನಾನು ನೋಡ್ಕೋತೀನಿ. ಇದೋ ಗಾಜು, ಇದೋ ಅರ್ಧ..."

"ಎಲ್ಲಿ?" ಎಂದರು ಬಸಲಿಂಗಪ್ಪನವರು.

"ಏನು ಎಲ್ಲಿ?"

"ಅರ್ಧ. ನನಗೆ ಗೆರೆ ಕಾಣ್ತಾ ಇಲ್ಲಪ್ಪ."

ಶಶಿಕಾಂತ ತಿರುಗಿ ನೋಡಿದ. ಗಾಜಿನಲ್ಲಿ ಗೆರೆಯೇ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಆಚೆಯ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಗೆರೆ ಆಗಲೂ ಇರಲಿಲ್ಲ. ಬಾಯ್ಲರಿನ ಹೊಟ್ಟೆಯಲ್ಲಿ ನೀಲಿ ಉರಿ ಭರ್ಜರಿಯಾಗಿ ಉರಿಯುತ್ತಲೇ ಇತ್ತು.

ಅವನ ಮುಖದ ಬಣ್ಣ ಹೋಯಿತು. "ಖಾಲಿ" ಎಂದ. ಮತ್ತೊಮ್ಮೆ, "ಖಾಲಿ! ನೀರಿಲ್ಲ! ಕಟಾಫ್ ಸತ್ತಿದೆ! ಒಣ ಬಾಯ್ಲರ್ ಕಾಯ್ತಾ ಇದೆ!"

"ನೀರು ಹಾಕಿಬಿಡಿ ಮತ್ತೆ" ಎಂದು ಹಿಂದಿನಿಂದ ಯಾರೋ ಸಲಹೆ ಕೊಟ್ಟರು.

"ಮುಟ್ಟಬೇಡಿ!" ಎಂದು ಶಶಿಕಾಂತ ಕಿರುಚಿದ. "ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಮನೆ ಹಯಾಟ್ಸ್‌ವಿಲ್‌ನಲ್ಲಿ ಉಳಿಯಲ್ಲ! ಮೊದಲು ಸ್ವಿಚ್ ಆಫ್ ಮಾಡ್ಬೇಕು!"

ಇದೊಂದನ್ನು ಅವನು ಸರಿಯಾಗಿಯೇ ಹೇಳಿದ. ಹೇಳಿ, ಮೆಟ್ಟಿಲ ಬಳಿಯಿದ್ದ ಎರಡು ಸ್ವಿಚ್ಚುಗಳಲ್ಲಿ ಕೆಂಪನೆಯದನ್ನು ಬಿಟ್ಟು ಬಿಳಿಯದನ್ನು ಒತ್ತಿದ. ನೆಲಮಾಳಿಗೆಯ ದೀಪ ಆರಿತು. ಉರಿ ಆರಲಿಲ್ಲ.

ಕತ್ತಲಲ್ಲಿ, ನಮ್ಮ ತಲೆಯ ಮೇಲಿನ ಪೈಪಿನೊಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತೆ "ಧಡ್" ಎಂದಿತು.

ಆಮೇಲೆ ನಡೆದುದನ್ನು ಕ್ರಮವಾಗಿ ಹೇಳುವುದು ಕಷ್ಟ. ನಾವು ಮೇಲೆ ಬಂದಾಗ ಹಜಾರದಲ್ಲಿ ಹೆಂಗಸರೂ ಕಿರುಚುತ್ತಿದ್ದರು. ರೇಡಿಯೇಟರಿನ ಗಾಳಿ ಬಿಡುವ ಮೂಗಿನಿಂದ ಕೆಂಪು ನೀರು ಚಿಮ್ಮಿ, ಅಧ್ಯಕ್ಷರ ಮಡದಿಯ ಬಿಳಿಯ ಇಳಕಲ್ ಸೀರೆಯ ಮೇಲೆ ಹೊಸ ಅಂಚು ಮೂಡಿತ್ತು. "ಔಟ್! ಎಲ್ರೂ ಔಟ್!" ಎನ್ನುತ್ತ ಶಶಿಕಾಂತ ಎರಡೂ ಕೈಯಿಂದ ಜನರನ್ನು ಬಾಚಿ ಹೊರಗೆ ತಳ್ಳತೊಡಗಿದ. ಬಾಗಿಲಲ್ಲಿ ಬೂಟಿನ ಗುಡ್ಡೆ. ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿದವರು ಕೆಲವರು, ಸಾಕ್ಸಿನಲ್ಲೇ ಹಿಮಕ್ಕೆ ಹಾರಿದವರು ಉಳಿದವರು. ನಾನು ಎರಡನೆಯ ಗುಂಪು. ಬೀದಿಯಾಚೆ ನಿಂತು ನೋಡಿದರೆ ಬಸಲಿಂಗಪ್ಪನವರು ಮಾದಲಿ ತಿನ್ನುತ್ತ ನಿಂತಿದ್ದರು, ಕಾಲಲ್ಲಿ ನನ್ನ ಹೊಸ ಬೂಟು. ಹೃದಯತಜ್ಞರಿಗೆ ಏನು ಹೇಳುವುದು? ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟುಕೊಂಡು ನಿಂತೆ.

ಪಕ್ಕದ ಮನೆಯ ಯೂನುಸ್ ಸಾಹೇಬರು ಹೊರಗೆ ಬಂದರು. ಮೈಸೂರಿನವರು, ಕೆಲಸದಿಂದ ನಿವೃತ್ತರಾಗಿ ಆರಾಮವಾಗಿದ್ದವರು. ಹಿಮದಲ್ಲಿ ರೇಷ್ಮೆ ಸೀರೆ, ಸಾಕ್ಸು, ಕೈಯಲ್ಲಿ ತಟ್ಟೆ ಹಿಡಿದ ಜನರನ್ನು ಕಂಡು, "ಏನ್ ಶಶಿಕಾಂತ್, ಸಂಕ್ರಾಂತಿಗೆ ಹೀಗೂ ಮಾಡ್ತಾರಾ ನಿಮ್ಮಲ್ಲಿ?" ಎಂದು ಕೇಳಿದರು.

"ಬಾಯ್ಲರ್ ಸಿಡಿಯುತ್ತೆ ಸಾಹೇಬ್ರೇ! ಒಂದು ತೊಟ್ಟು ನೀರಿಲ್ಲ!"

ಅವರ ಬೇಗಂ ಶಮ್ಸುನ್ನೀಸಾ ಆಂಟಿ ಮನೆಯಲ್ಲಿದ್ದ ಕಂಬಳಿ, ಶಾಲು, ಕೊನೆಗೆ ಕಿಟಕಿಯ ಪರದೆಗಳನ್ನೂ ತಂದು ಹೆಂಗಸರಿಗೆ ಹೊದಿಸಿದರು. ಇಳಕಲ್ ಸೀರೆಯ ಕಲೆ ನೋಡಿ "ಅಯ್ಯೋ ಅಲ್ಲಾ, ಇದೇನಮ್ಮಾ?" ಎಂದರು. ರೇಡಿಯೇಟರ್ ಉಗುಳಿದ ನೀರು ಎಂದು ಅಧ್ಯಕ್ಷರ ಮಡದಿ ಅಳುದನಿಯಲ್ಲಿ ಹೇಳಿದರು.

ಯೂನುಸ್ ಸಾಹೇಬರು ಗಡ್ಡ ಕೆರೆದುಕೊಂಡರು. "ಒಂದು ಡೌಟು, ಶಶಿಕಾಂತ್. ನೀರೇ ಇಲ್ದೆ ಇರೋ ಬಾಯ್ಲರು ನೀರು ಹೇಗೆ ಉಗುಳುತ್ತೆ?"

"ಅದು ಕೊನೇ ನೀರು" ಎಂದ ಶಶಿಕಾಂತ ಗಂಭೀರವಾಗಿ. ಅಲ್ಲಿದ್ದ ಇಂಜಿನಿಯರುಗಳೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ.

ಶಿವಕ್ಕನವರು ಹಿಮದಲ್ಲಿ ಎಡವುತ್ತ ಅಣ್ಣನ ಮಗನ ಬಳಿಗೆ ಬಂದು ಅವನ ತೋಳು ಜಗ್ಗಿದರು. "ಶಶ್ಯಾ, ಕೇಳಿಲ್ಲಿ. ನೀರ ಐತೋ..."

"ಅತ್ತಿಗೆ ಯಾರಾದ್ರೂ ನೀರು ಕೊಡ್ರೀ!" ಎಂದು ಅವನು ಫೋನಿನಲ್ಲಿ ಒಂಬತ್ತು ಒಂದು ಒಂದು ಒತ್ತಿ ಬೆಂಕಿ ಆರಿಸುವವರನ್ನು ಕರೆಯುತ್ತಲೇ ಕೂಗಿದ. ಯಾರೋ ಒಂದು ಬಾಟಲಿ ಕೊಟ್ಟರು. ಅವರು ಬಾಟಲಿ ಹಿಡಿದುಕೊಂಡೇ ನೀಲಗಂಗಾಳ ಬಳಿ ಹೋಗಿ, "ನೀಲಾ, ನೀರಿನ ಸಲುವಾಗಿ ಒಂದು ಮಾತ..." ಎಂದರು. ನೀಲಗಂಗಾ ಗಂಡನನ್ನು ಸುಡುವಂತೆ ನೋಡುತ್ತಲೇ ಇನ್ನೊಂದು ಬಾಟಲಿ ತರಿಸಿಕೊಟ್ಟಳು. ಆಮೇಲೆ ಅವರು ಅಧ್ಯಕ್ಷರನ್ನೇ ಕೇಳಿಕೊಂಡರು. ಅಧ್ಯಕ್ಷರು "ಮುದುಕರಿಗೆ ಡೀಹೈಡ್ರೇಶನ್ ಬೇಗ ಆಗುತ್ತೆ" ಎಂದು ಮೂರನೆಯದನ್ನು ಕೊಟ್ಟರು. ಬೆಂಕಿ ಆರಿಸುವವರ ಕೆಂಪು ಗಾಡಿ ಬೀದಿ ತಿರುಗಿದಾಗ ಶಿವಕ್ಕನವರು ಬಾಟಲಿಗಳನ್ನು ಎದೆಗವಚಿಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಗಾಡಿಯಿಂದ ಇಳಿದ ಕ್ಯಾಪ್ಟನ್ ಎತ್ತರದ ಹೆಂಗಸು. ನಮ್ಮೆಲ್ಲರ ಕಾಲುಗಳನ್ನು ಒಮ್ಮೆ ನೋಡಿ, ಇದು ಧಾರ್ಮಿಕ ಆಚರಣೆಯೇ ಎಂದು ಬಹಳ ಗೌರವದಿಂದ ವಿಚಾರಿಸಿದರು. ಅಲ್ಲವೆಂದು ತಿಳಿದ ಮೇಲೆ ಇನ್ನಿಬ್ಬರೊಡನೆ ಒಳಗೆ ಹೋದರು. ಬಸಲಿಂಗಪ್ಪನವರು ಕೂಡ ಅಗಿಯುವುದನ್ನು ನಿಲ್ಲಿಸಿದರು. ಶಶಿಕಾಂತ ಮನೆಯನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ನಾನೇ ನೋಡ್ಕೋಬೇಕಿತ್ತು ಅದನ್ನ" ಎಂದು ಪಿಸುಗುಟ್ಟಿದ. ಆ ಕ್ಷಣ ನನಗೆ ಅವನ ಮೇಲೆ ಬಹಳ ಮರುಕವಾಯಿತು, ಕಾಲು ಮರಗಟ್ಟಿದ್ದರೂ.

ಕ್ಯಾಪ್ಟನ್ ಹೊರಗೆ ಬಂದು ಹೆಲ್ಮೆಟ್ ತೆಗೆದರು.

ಬಾಯ್ಲರ್ ಖಾಲಿಯಾಗಿಲ್ಲ, ಎಂದರು. ತುಂಬಿದೆ. ತುಂಬಿ, ಮೇಲಿನ ಪೈಪಿಗೂ ಹತ್ತಿದೆ. ಗಾಜು ಪೂರ್ತಿ ತುಂಬಿದರೂ ಗೆರೆ ಕಾಣುವುದಿಲ್ಲ, ಪೂರ್ತಿ ಖಾಲಿಯಾದರೂ ಕಾಣುವುದಿಲ್ಲ. ಈಗ ಉರಿ ಆರಿಸಿ ನೀರು ಇಳಿಸುತ್ತಿದ್ದೇವೆ. ನಿಮ್ಮ ಕಟಾಫ್ ಚೆನ್ನಾಗಿಯೇ ಇದೆ, ಪರೀಕ್ಷಿಸಿದೆವು. ಅಂದ ಹಾಗೆ, ಇಷ್ಟೊಂದು ನೀರು ತುಂಬಿದವರು ಯಾರು?

ಆರತಿ ಇದನ್ನೆಲ್ಲ ತನ್ನ ಕನ್ನಡದಲ್ಲಿ ಅಜ್ಜಿಗೆ ಹೇಳಿದಳು. "ಅಜ್ಜಿ, ಅವ್ರು ಕೇಳ್ತಾರೆ, ಹೂ ಪುಟ್ ಆಲ್ ದಟ್ ನೀರು?"

ಶಿವಕ್ಕನವರು ಮೂರು ಬಾಟಲಿಗಳನ್ನೂ ಅಧ್ಯಕ್ಷರ ತಟ್ಟೆಯ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ನಾನ. ದಿನಾ ನಾನ ತುಂಬತೀನಿ. ಅವಾಗಿಂದ ಅದನ್ನ ಹೇಳಾಕತ್ತೀನಿ, ಎಲ್ಲಾರೂ ನನಗ ಕುಡ್ಯಾಕ ಕೊಡಾಕತ್ತೀರಿ! ಬರಿದಾದ ಹಂಡಿಗೆ ಉರಿ ಹಾಕಿದ್ರ ಒಡೀತೈತಿ ಅಂತ ನಿಮಗ ಇವತ್ತ ಗೊತ್ತಾತು. ನನಗ ಹುಟ್ಟಿದಾಗಿಂದ ಗೊತ್ತೈತಿ."

ಆರತಿ ಇದನ್ನು ಇಂಗ್ಲಿಷಿಗೆ ತಿರುಗಿಸಿದಳು. ಕ್ಯಾಪ್ಟನ್ ನಕ್ಕು, ಸಾಮಾನ್ಯವಾಗಿ ನೀರು ಹಾಕಲು ಮರೆತ ಮನೆಗಳಿಗೇ ನಮ್ಮನ್ನು ಕರೆಯುತ್ತಾರೆ, ಇಂಥದ್ದು ಮೊದಲು ಎಂದರು. ನಾಳೆಯಿಂದ ಅರ್ಧಕ್ಕೆ ನಿಲ್ಲಿಸಲು ಅಜ್ಜಿಗೆ ಹೇಳಿ, ಅಲ್ಲೊಂದು ಗುರುತು ಹಾಕಿಕೊಳ್ಳಿ ಎಂದು ಹೇಳಿ ಹೊರಟರು.

ಎಲ್ಲರ ಕಣ್ಣೂ ನೀಲಗಂಗಾಳ ಮೇಲೆ. ಆಕೆ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದಳು, ನಾವೂ ಹಿಂದೆಯೇ ಹೋದೆವು. ಬಾಯ್ಲರ್ ಮತ್ತೆ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ರೇಡಿಯೇಟರುಗಳು ಸದ್ದಿಲ್ಲದೆ ಕಾದವು. ಮನೆತುಂಬ ಜನ ಒದ್ದೆ ಸಾಕ್ಸುಗಳನ್ನು ಅವುಗಳ ಮೇಲೆ ಹರವಿ, ಬೆನ್ನು ಒತ್ತಿ ಕೂತರು. ಉಳಿದ ಮಾದಲಿ ಮತ್ತೆ ಬಂತು. ಯೂನುಸ್ ಸಾಹೇಬರು ತಮ್ಮ ಪರದೆಗಳನ್ನೂ ಅಲ್ಲೇ ಒಣಹಾಕಿದರು. ಬಸಲಿಂಗಪ್ಪನವರು ಕಣ್ಣು ಮುಚ್ಚಿ, "ಏನೇ ಹೇಳಪ್ಪಾ, ಈ ಬಿಸಿ ಗಾಳೀಲಿ ಬರಲ್ಲ. ಭೇಷ್!" ಎಂದುಬಿಟ್ಟರು. ಶಶಿಕಾಂತ ಹೆಂಡತಿಯನ್ನು ನೋಡಿದ. ಆಕೆಯೂ ಬೆನ್ನು ಕಾಯಿಸಿಕೊಳ್ಳುತ್ತಿದ್ದಳು.

"ಇದೊಂದು ಸಲ" ಎಂದಳು. "ಇನ್ನೊಂದು ಸಲ ಆದ್ರೆ ನಾನು ಕೇಳೋದೂ ಇಲ್ಲ, ಹೇಳೋದೂ ಇಲ್ಲ. ಫೋನ್ ಮಾಡಿಬಿಡ್ತೀನಿ."

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ನಾನು ಬೇಡಬೇಡವೆಂದರೂ ಶಶಿಕಾಂತ ನನ್ನನ್ನು ಕೆಳಗೆ ಕರೆದೊಯ್ದ. ಈಗ ತಾನು ಬಹಳ ಎಚ್ಚರದಿಂದ ಇರುವುದಾಗಿಯೂ, ಗಾಜು ನೋಡದೆ ಕಾಫಿ ಕುಡಿಯುವುದಿಲ್ಲವೆಂದೂ ಹೇಳಿದ. ಅತ್ತೆಗೆ ಅರ್ಧದ ಲೆಕ್ಕ ಚೆನ್ನಾಗಿ ಮನದಟ್ಟಾಗಿದೆಯಂತೆ. ಗುರುತನ್ನೂ ಅವರೇ ಹಾಕಿದ್ದಾರಂತೆ. ಬಾಯ್ಲರಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಕೈ ಬೀಸಿ, "ನೋಡು, ಗೆರೆ ಎಷ್ಟು ಕರೆಕ್ಟಾಗಿ ಅರ್ಧದಲ್ಲಿದೆ. ದಿನಾ ಅಲ್ಲೇ ಇರುತ್ತೆ, ಒಂದು ಕೂದಲೆಳೆ ಆಚೀಚೆ ಆಗಲ್ಲ" ಎಂದ.

ನಿಜ, ಗೆರೆ ಅರ್ಧದಲ್ಲಿತ್ತು. ದಿನಾ ಅಲ್ಲೇ ಇರುವ ನೀರು ಯಾವುದಪ್ಪಾ ಎಂದು ನಾನು ಬಗ್ಗಿ ನೋಡಿದೆ. ಒಂದಲ್ಲ, ಒತ್ತೊತ್ತಾಗಿ ಮೂರು ಗೆರೆಗಳಿದ್ದವು. ಬೆರಳಿನಿಂದ ಮುಟ್ಟಿದೆ. ಬೆರಳಿಗೆ ವಿಭೂತಿ ಹತ್ತಿತು. ಅದರ ಮೇಲೂ ಕೆಳಗೂ ಗಾಜಿನಲ್ಲಿ ನೀರಿನ ಗೆರೆಯೇ ಇರಲಿಲ್ಲ, ಆಚೆಯ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮೆಟ್ಟಿಲ ಮೇಲೆ ಸ್ನಾನ ಮುಗಿಸಿ ಬಂದ ಶಿವಕ್ಕನವರು ನಿಂತಿದ್ದರು. ನನ್ನ ಬೆರಳನ್ನು ನೋಡಿದರು, ನನ್ನ ಮುಖವನ್ನು ನೋಡಿದರು. "ಗುರುತ ಹಾಕು ಅಂದ್ರು, ಹಾಕೀನಿ" ಎಂದರು ತಣ್ಣಗೆ. "ಹಂಡಿ ಅರ್ಧಾ ಇಡಾಕ ಮಾತ್ರ ನನ್ನ ಕೈ ಬರಂಗಿಲ್ಲಪಾ."

ಶಶಿಕಾಂತ ಇದ್ಯಾವುದೂ ಕಿವಿಗೆ ಬೀಳದೆ ತೇಲುಗುಂಡಿನ ವಿಷಯಕ್ಕೆ ಬಂದಿದ್ದ. ತಲೆಯ ಮೇಲಿನ ಪೈಪಿನಲ್ಲಿ "ಧಡ್" ಎಂದಿತು. ಮೇಲೆ ಅಡುಗೆಮನೆಯಲ್ಲಿ ನೀಲಗಂಗಾಳ ಕುರ್ಚಿ ಸರಿದ ಸದ್ದೂ ಕೇಳಿಸಿತು.

ನಾನು ಮೆಟ್ಟಿಲು ಹತ್ತಿ ಬಾಗಿಲಿಗೆ ಹೋಗಿ, ಮೊದಲು ನನ್ನ ಬೂಟು ಹಾಕಿಕೊಂಡು ಲೇಸು ಗಟ್ಟಿಯಾಗಿ ಕಟ್ಟಿದೆ.